ದಿಕ್ಕು ಗೊತ್ತಾಗಲ್ಲ ಅನ್ನೋದು ಒಂದೇ ತೊಂದರೆ ಅಲ್ಲ, ನಾಲ್ಕೈದು

ಮೂರು ವರ್ಷದ ಹಿಂದೆ ಅಮ್ಮನ್ನ ಬೆಂಗಳೂರಿನ ಒಂದು ದೊಡ್ಡ ಆಸ್ಪತ್ರೆಗೆ ಸೇರಿಸಿದ್ವಿ. ರಾತ್ರಿ ಹನ್ನೊಂದು ಗಂಟೆಗೆ ನರ್ಸ್ ಚೀಟಿ ಕೊಟ್ಟು ಕೆಳಗೆ ಫಾರ್ಮಸಿಯಿಂದ ಇಂಜೆಕ್ಷನ್ ತಗೊಂಡ್ ಬನ್ನಿ ಅಂದ್ರು, ಇಳಿದು ಹೋದೆ, ಔಷಧಿನೂ ಸಿಕ್ತು, ವಾಪಸ್ ಲಿಫ್ಟ್ ಹತ್ತಿ ಸರಿಯಾದ ಫ್ಲೋರೇ ಒತ್ತಿದೆ, ಆದ್ರೆ ಬಾಗಿಲು ತೆಗೆದಾಗ ಎದುರಿಗಿದ್ದ ಕಾರಿಡಾರ್ ನೋಡಿದ್ರೆ ನಾನು ಹೊರಟ ಕಾರಿಡಾರ್ ಥರಾನೇ ಇದೆ ಆದ್ರೆ ಅದಲ್ಲ. ಹೋಗುವಾಗ ಒಂದು ಲಿಫ್ಟು, ಬರುವಾಗ ಇನ್ನೊಂದು ಬ್ಲಾಕಿನ ಲಿಫ್ಟು ಹಿಡಿದಿದ್ದೆ ಅನ್ನೋದು ಗೊತ್ತಾಗಿದ್ದು ಆಮೇಲೆ. ಅಷ್ಟೊತ್ತಿಗೆ ಇಪ್ಪತ್ತೈದು ನಿಮಿಷ ಆಗಿತ್ತು, ಕೈಯಲ್ಲಿ ತಣ್ಣಗಿರೋ ಇಂಜೆಕ್ಷನ್ ಬಾಕ್ಸು, ಕಣ್ಣಲ್ಲಿ ನೀರು. ಅಣ್ಣ ಹೇಳಿದ್ದು ಒಂದೇ ಮಾತು, ‘ಹೋಗುವಾಗ ಸ್ವಲ್ಪ ನೋಡ್ಕೊಂಡು ಹೋಗಬಾರದಾ’.

ನೋಡ್ಕೊಂಡೇ ಹೋಗಿದ್ದೆ. ಚಿಕ್ಕೋಳಿದ್ದಾಗಿಂದ ನಾನು ಎಲ್ಲರಿಗಿಂತ ಜಾಸ್ತಿನೇ ನೋಡ್ಕೊಂಡು ಓಡಾಡೋದು, ಯಾಕಂದ್ರೆ ದಾರಿ ತಪ್ಪೋ ಭಯ ಯಾವಾಗ್ಲೂ ಇರುತ್ತೆ. ಆ ರಾತ್ರಿ ಆದ್ಮೇಲೆ ಇದರ ಬಗ್ಗೆ ಸಿಕ್ಕಿದ್ದೆಲ್ಲ ಓದೋಕೆ ಶುರು ಮಾಡಿದೆ. ಓದ್ತಾ ಓದ್ತಾ ಒಂದು ವಿಷಯ ಸ್ಪಷ್ಟ ಆಯ್ತು, ಅದನ್ನೇ ಇಲ್ಲಿ ಬಿಡಿಸಿ ಹೇಳ್ಬೇಕು ಅಂತ ಇದ್ದೀನಿ: ‘ದಿಕ್ಕಿನ ಜ್ಞಾನ’ ಅಂತ ಮೆದುಳಲ್ಲಿ ಒಂದು ಬಲ್ಬ್ ಇಲ್ಲ, ಇದ್ರೆ ಹತ್ತುತ್ತೆ ಇಲ್ದಿದ್ರೆ ಆರುತ್ತೆ ಅನ್ನೋಕೆ. ಅದು ನಾಲ್ಕೈದು ಬೇರೆ ಬೇರೆ ಕೆಲಸ, ಎಲ್ಲಾ ಒಟ್ಟಿಗೆ ನಡೀಬೇಕು, ಒಬ್ಬೊಬ್ಬರಿಗೆ ಒಂದೊಂದು ಕೈ ಕೊಡುತ್ತೆ. ನಿಮಗೆ ಯಾವುದು ಕೈ ಕೊಡ್ತಿದೆ ಅಂತ ಗೊತ್ತಾದ್ರೆ ಅದಕ್ಕೆ ತಕ್ಕ ಆಸರೆ ಕೊಡಬಹುದು. ‘ಗಮನ ಕೊಡು’ ಅನ್ನೋ ಬುದ್ಧಿಮಾತಿಂದ ಏನೂ ಆಗಲ್ಲ.

ಮೊದಲ್ನೇ ಕೆಲಸ, ನಾನು ಈಗ ಎಲ್ಲಿದ್ದೀನಿ ಅನ್ನೋದು. ಮೆದುಳಿನ ಒಳಗೆ ಕಿವಿಯ ಮಟ್ಟದಲ್ಲಿ ಎರಡೂ ಕಡೆ ಹಿಪ್ಪೋಕ್ಯಾಂಪಸ್ ಅಂತ ಒಂದು ಭಾಗ ಇದೆ, ನೆನಪಿಗೂ ಅದು ಬೇಕು ಜಾಗಕ್ಕೂ ಅದು ಬೇಕು. ಲಂಡನ್ನಿನಲ್ಲಿ ಜಾನ್ ಓಕೀಫ್ ಅವರು 1971ರಲ್ಲಿ ಇಲಿಗಳ ಹಿಪ್ಪೋಕ್ಯಾಂಪಸ್‌ನಲ್ಲಿ ಒಂದು ವಿಚಿತ್ರ ನೋಡಿದ್ರು: ಇಲಿ ಒಂದು ಮೂಲೆಗೆ ಬಂದಾಗ ಮಾತ್ರ ಒಂದು ನರಕೋಶ ಮಿಡಿಯುತ್ತೆ, ಇನ್ನೊಂದು ಮೂಲೆಗೆ ಬಂದ್ರೆ ಇನ್ನೊಂದು ಕೋಶ. ಒಂದೊಂದು ಜಾಗಕ್ಕೂ ಒಂದೊಂದು ಕಾವಲುಗಾರ ಇದ್ದ ಹಾಗೆ. ಇವಕ್ಕೆ ಪ್ಲೇಸ್ ಸೆಲ್ ಅಂತ ಹೆಸರು. ಮಾಮೂಲಾಗಿ ಓಡಾಡೋ ಬೀದಿಗೆ ಕಾಲಿಟ್ಟ ತಕ್ಷಣ ‘ಓ ಇಲ್ಲಿದ್ದೀನಿ’ ಅಂತ ಅನ್ಸುತ್ತಲ್ಲ, ಅದರ ಹಿಂದೆ ಇಂಥ ಕೋಶಗಳಿವೆ.

ಎರಡನೇದು, ನಾನು ಯಾವ ಕಡೆ ಮುಖ ಮಾಡಿದ್ದೀನಿ. ಇದು ಬೇರೆನೇ ಕೆಲಸ. 1984ರಲ್ಲಿ ಅಮೆರಿಕದ ಜೇಮ್ಸ್ ರ‍್ಯಾಂಕ್ ಅವರು ತಲೆ ಒಂದು ದಿಕ್ಕಿಗೆ ತಿರುಗಿದಾಗ ಮಾತ್ರ ಮಿಡಿಯೋ ಕೋಶಗಳನ್ನ ಕಂಡುಹಿಡಿದ್ರು, ಪ್ರಾಣಿ ಎಲ್ಲೇ ನಿಂತಿರ್ಲಿ, ತಲೆಯ ದಿಕ್ಕೊಂದೇ ಮುಖ್ಯ. ಇದೊಂಥರ ತಲೆಯೊಳಗಿನ ದಿಕ್ಸೂಚಿ, ಆದ್ರೆ ಇದಕ್ಕೆ ಭೂಮಿಯ ಅಯಸ್ಕಾಂತ ಗೊತ್ತಿಲ್ಲ. ಒಳಕಿವಿಯಿಂದ ಬರೋ ತಿರುಗಿದ ಲೆಕ್ಕ ಮತ್ತೆ ಕಣ್ಣಿಗೆ ಕಾಣೋ ಗುರುತು, ಇವೆರಡನ್ನ ಹಿಡ್ಕೊಂಡು ತನ್ನನ್ನ ತಾನೇ ಸರಿಮಾಡ್ಕೊಳ್ತಿರುತ್ತೆ. ಅದಕ್ಕೇ ಮೆಜೆಸ್ಟಿಕ್ ಮೆಟ್ರೋ ಸ್ಟೇಷನ್ನಿಂದ ಮೇಲೆ ಬಂದಾಗ ದಿಕ್ಕು ತಿರುಗಿ ಹೋಗೋದು: ನೆಲದ ಕೆಳಗೆ ಸೂರ್ಯ ಇಲ್ಲ, ದೂರದ ಕಟ್ಟಡ ಇಲ್ಲ, ಎಸ್ಕಲೇಟರ್ ಮೇಲೆ ಎರಡು ಸಲ ತಿರುಗಿರ್ತೀರ, ದಿಕ್ಸೂಚಿಗೆ ಹಿಡ್ಕೊಳ್ಳೋಕೆ ಏನೂ ಸಿಕ್ಕಿರಲ್ಲ. ಮೇಲೆ ಬಂದ್ರೆ ಊರೆಲ್ಲ ಅರ್ಧ ಸುತ್ತು ತಿರುಗಿಸಿ ಇಟ್ಟ ಹಾಗೆ ಕಾಣುತ್ತೆ. ಇದು ಚೆನ್ನಾಗಿ ದಾರಿ ಗೊತ್ತಿರೋರಿಗೂ ಆಗುತ್ತೆ, ಅವರಿಗೆ ಐದು ಸೆಕೆಂಡಲ್ಲಿ ಸರಿ ಹೋಗುತ್ತೆ, ನಮಗೆ ಸರಿ ಹೋಗೋಕೆ ಬಹಳ ಹೊತ್ತು ಬೇಕು ಅಥವಾ ಸರಿ ಹೋಗೋದೇ ಇಲ್ಲ.

‘ದಿಗ್ಭ್ರಮೆ’ ಅನ್ನೋ ಪದ ನೋಡಿ. ಈಗ ಅದನ್ನ ಆಘಾತ ಅನ್ನೋ ಅರ್ಥಕ್ಕೇ ಬಳಸ್ತೀವಿ, ಬಿಡಿಸಿ ನೋಡಿದ್ರೆ ದಿಕ್ಕಿನ ಭ್ರಮೆ. ಯಾರೂ ಇಲ್ಲದವರನ್ನ ‘ದಿಕ್ಕಿಲ್ಲದವರು’ ಅಂತೀವಿ. ದಿಕ್ಕು ತಪ್ಪಿದಾಗ ಹೊಟ್ಟೆಯಲ್ಲಿ ಆಗೋ ಸಂಕಟ ಎಂಥದ್ದು ಅಂತ ಈ ಪದ ಮಾಡಿದ ಜನಕ್ಕೆ ಚೆನ್ನಾಗಿ ಗೊತ್ತಿತ್ತು ಅನ್ಸುತ್ತೆ ನಂಗೆ.

ಮೂರನೇ ಕೆಲಸ, ಎಷ್ಟು ದೂರ ಬಂದೆ, ಎಷ್ಟು ತಿರುಗಿದೆ ಅನ್ನೋ ಲೆಕ್ಕ. ನಾರ್ವೆಯ ಮೇ-ಬ್ರಿಟ್ ಮೋಸರ್ ಮತ್ತೆ ಎಡ್ವರ್ಡ್ ಮೋಸರ್ ಅವರ ತಂಡ 2005ರಲ್ಲಿ ಗ್ರಿಡ್ ಸೆಲ್ ಅಂತ ಕಂಡುಹಿಡೀತು, ಇವು ಹಿಪ್ಪೋಕ್ಯಾಂಪಸ್ ಪಕ್ಕದ ಎಂಟೊರೈನಲ್ ಕಾರ್ಟೆಕ್ಸ್‌ನಲ್ಲಿರುತ್ತೆ. ಒಂದೇ ಕೋಶ ಒಂದಲ್ಲ, ಹತ್ತಾರು ಜಾಗದಲ್ಲಿ ಮಿಡಿಯುತ್ತೆ, ಆ ಜಾಗಗಳನ್ನ ಗುರುತು ಹಾಕಿದ್ರೆ ರಂಗೋಲಿ ಚುಕ್ಕಿ ಥರ ಬರುತ್ತೆ. ಒಂದು ಸಾಲಿನ ಎರಡು ಚುಕ್ಕಿ ನಡುವೆ ಮುಂದಿನ ಸಾಲಿನ ಚುಕ್ಕಿ ಇಡ್ತೀವಲ್ಲ, ಥೇಟ್ ಹಾಗೆ. ಅಂದ್ರೆ ಮೆದುಳು ನೆಲದ ಮೇಲೆ ಚುಕ್ಕಿ ಇಟ್ಟು ಅಳೀತಿದೆ ಅಂತ. ಓಕೀಫ್ ಮತ್ತು ಮೋಸರ್ ದಂಪತಿಗೆ 2014ರ ನೊಬೆಲ್ ಇದಕ್ಕೇ ಬಂದಿದ್ದು.

ಈ ಅಳತೆ ಬರೀ ಮನುಷ್ಯರದ್ದಲ್ಲ. ಸಹಾರಾ ಮರುಭೂಮಿಯ ಇರುವೆ ಊಟ ಹುಡುಕ್ತಾ ಅಂಕುಡೊಂಕಾಗಿ ಸುತ್ತಿದ್ರೂ ಗೂಡಿಗೆ ವಾಪಸ್ ಹೋಗುವಾಗ ನೇರ ಗೆರೆ ಹಿಡಿಯುತ್ತೆ. 2006ರಲ್ಲಿ ವಿಜ್ಞಾನಿಗಳು ಆ ಇರುವೆ ಕಾಲಿಗೆ ಸಣ್ಣ ಮರಗಾಲು ಥರ ಅಂಟಿಸಿ ಕಾಲು ಉದ್ದ ಮಾಡಿದ್ರು, ಇರುವೆ ಗೂಡು ದಾಟಿ ಮುಂದೆ ಹೋಗಿ ಹುಡುಕ್ತು, ಯಾಕಂದ್ರೆ ಅದು ಹೆಜ್ಜೆ ಲೆಕ್ಕ ಇಟ್ಕೊಂಡಿತ್ತು. ನಮ್ಮ ಲೆಕ್ಕ ಅಷ್ಟು ಗಟ್ಟಿ ಇಲ್ಲ. ಜರ್ಮನಿಯ ಯಾನ್ ಸೌಮನ್ ಅವರ ತಂಡ 2009ರಲ್ಲಿ ಜನರನ್ನ ಜರ್ಮನಿಯ ಒಂದು ಕಾಡಿನಲ್ಲೂ ಟುನೀಶಿಯಾದ ಮರುಭೂಮಿಯಲ್ಲೂ ನೇರವಾಗಿ ನಡೀರಿ ಅಂತ ಬಿಟ್ಟು ನೋಡ್ತು. ಕಾಡಲ್ಲಿ ಬಿಸಿಲಿದ್ದಾಗ ನೇರ ನಡೆದ್ರು, ಮೋಡ ಮುಚ್ಚಿದಾಗ ತಮಗೇ ಗೊತ್ತಿಲ್ಲದೆ ಸುತ್ತು ಹೊಡೆದು ತಮ್ಮದೇ ದಾರಿಗೆ ಅಡ್ಡ ಬಂದ್ರು. ಕಾಡಲ್ಲಿ ಯಾವುದೋ ಬಳ್ಳಿ ತುಳಿದ್ರೆ ದಾರಿ ತಪ್ಪಿ ಅಲ್ಲೇ ಸುತ್ತುತ್ತಾ ಇರ್ತೀವಿ ಅಂತ ನಮ್ಮಜ್ಜಿ ಹೇಳ್ತಿದ್ರು. ಬಳ್ಳಿ ವಿಷಯ ಬಿಡಿ, ಸುತ್ತೋದು ಮಾತ್ರ ನಿಜ.

ನಾಲ್ಕನೇದು, ಗುರುತು ಆರಿಸೋದು. ನನಗೆ ಸ್ವಂತಕ್ಕೆ ಜಾಸ್ತಿ ಉಪಯೋಗಕ್ಕೆ ಬಂದಿದ್ದು ಈ ವಿಷಯ. ಲಂಡನ್ನಿನ ಎಲಿನರ್ ಮಗ್ವಾಯರ್ ಅವರ ತಂಡ ದಾರಿ ಚೆನ್ನಾಗಿ ಗೊತ್ತಿರೋರನ್ನೂ ಗೊತ್ತಿಲ್ಲದೋರನ್ನೂ ಹೋಲಿಸಿ ನೋಡಿದಾಗ ಗೊತ್ತಾಗಿದ್ದೇನಂದ್ರೆ, ಯಾವ ವಸ್ತು ಇದ್ದ ಜಾಗದಲ್ಲೇ ಇರುತ್ತೆ ಯಾವುದು ಸರಿಯುತ್ತೆ ಅಂತ ಗುರುತಿಸೋದ್ರಲ್ಲೇ ದಾರಿ ತಪ್ಪೋರು ಹಿಂದೆ, ಮತ್ತೆ ಈ ಕೆಲಸ ಮಾಡೋ ರೆಟ್ರೋಸ್ಪ್ಲೀನಿಯಲ್ ಕಾರ್ಟೆಕ್ಸ್ ಅನ್ನೋ ಮೆದುಳಿನ ಭಾಗ ಅವರಲ್ಲಿ ಕಮ್ಮಿ ಚುರುಕಾಗಿತ್ತು. ಓದಿದಾಗ ಎದೆ ಝಲ್ ಅಂತು. ನಾನು ಗುರುತು ಇಟ್ಕೊಳ್ತಿದ್ದಿದ್ದೆಲ್ಲ ನಿಂತಿರೋ ಕೆಂಪು ಕಾರು, ಎಳನೀರು ಗಾಡಿ, ಗಣೇಶನ ಹಬ್ಬದ ಫ್ಲೆಕ್ಸು! ಆಸ್ಪತ್ರೆಯಲ್ಲಿ ಅವತ್ತು ಲಿಫ್ಟ್ ಪಕ್ಕ ನಿಲ್ಸಿದ್ದ ವೀಲ್‌ಚೇರ್ ನನ್ನ ಗುರುತಾಗಿತ್ತು. ಅಂದ್ರೆ ಗಮನ ಇತ್ತು, ಆ ಗಮನ ಬಿದ್ದಿದ್ದು ಜಾಗ ಬದಲಾಯಿಸೋ ವಸ್ತುಗಳ ಮೇಲೆ.

ಇನ್ನು ಇದೆಲ್ಲವನ್ನೂ ಹೊಲಿದು ಒಂದು ನಕ್ಷೆ ಮಾಡ್ಕೊಳ್ಳೋದು. ಅಮೆರಿಕದ ಮನಶ್ಶಾಸ್ತ್ರಜ್ಞ ಎಡ್ವರ್ಡ್ ಟೋಲ್ಮನ್ 1948ರಲ್ಲೇ ಇಲಿಗಳ ತಲೆಯಲ್ಲೂ ಇಂಥ ನಕ್ಷೆ ಇರುತ್ತೆ ಅಂತ ವಾದ ಮಾಡಿದ್ರು. ನಕ್ಷೆ ಇಲ್ದೇನೂ ಓಡಾಡಬಹುದು, ಅದು ಇನ್ನೊಂದು ವಿಧಾನ: ಪಾಠ ಬಾಯಿಪಾಠ ಮಾಡಿದ ಹಾಗೆ ಸರಣಿ ನೆನಪಿಟ್ಕೊಳ್ಳೋದು, ಬಸ್‌ಸ್ಟಾಪ್ ಇಳೀ, ಎಡಕ್ಕೆ, ಬೇಕರಿ ಹತ್ರ ಬಲಕ್ಕೆ, ಮೂರನೇ ಗೇಟು. ಇದಕ್ಕೆ ಮೆದುಳಿನ ಬೇರೆ ಭಾಗ, ಅಭ್ಯಾಸಗಳನ್ನ ಕೂಡಿಡೋ ಕಾಡೇಟ್ ನ್ಯೂಕ್ಲಿಯಸ್, ಕೆಲಸ ಮಾಡುತ್ತೆ. ನಮ್ಮಂಥೋರು ಬಹುಪಾಲು ಬದುಕೋದು ಹೀಗೇ. ದಿನಾ ಹೋಗೋ ದಾರಿಯಲ್ಲಿ ಯಾರಿಗೂ ನಮ್ಮ ಕಷ್ಟ ಗೊತ್ತಾಗೋದೇ ಇಲ್ಲ, ಆದ್ರೆ ಒಂದು ದಿನ ರಸ್ತೆ ಅಗೆದು ‘ಕಾಮಗಾರಿ ಪ್ರಗತಿಯಲ್ಲಿದೆ’ ಅಂತ ಬೋರ್ಡ್ ಹಾಕಿದ್ರೆ ಅಥವಾ ಒನ್‌ವೇ ಬದಲಾದ್ರೆ ಸರಣಿ ಮಧ್ಯದಲ್ಲೇ ಹರಿದು ಹೋಗುತ್ತೆ, ಎರಡು ತುದಿ ಸೇರಿಸೋಕೆ ಬೇಕಾದ ನಕ್ಷೆ ತಲೆಯಲ್ಲಿಲ್ಲ. ವಾಪಸ್ ಬರೋ ದಾರಿ ಕಷ್ಟ ಆಗೋದೂ ಇದೇ ಕಾರಣಕ್ಕೆ, ಸರಣಿ ಉಲ್ಟಾ ಓದ್ಬೇಕು, ಎಡ ಎಲ್ಲಾ ಬಲ ಆಗ್ಬೇಕು, ಮೇಲಾಗಿ ಹೋಗುವಾಗ ನಾವು ನೋಡಿದ್ದು ಪ್ರತಿ ಕಟ್ಟಡದ ಒಂದು ಮಗ್ಗುಲು ಮಾತ್ರ, ಬರುವಾಗ ಕಾಣೋದು ಇನ್ನೊಂದು ಮಗ್ಗುಲು.

ಅಂದಹಾಗೆ ಎಡ-ಬಲ ಗೊಂದಲ ಆಗೋದು ಇದಕ್ಕಿಂತ ಬೇರೆ ವಿಷಯ. ಎಡ ಯಾವುದು ಬಲ ಯಾವುದು ಅಂತ ತಡವರಿಸೋರು ಎಷ್ಟೋ ಜನ ಊರಿನ ದಾರಿಯಲ್ಲಿ ಪಂಟರು, ಎಡಬಲ ಪಟಪಟ ಹೇಳೋ ನನಗೆ ಮನೆ ಹಿಂದಿನ ರಸ್ತೆ ಯಾವ ಕಡೆ ಸೇರುತ್ತೆ ಅಂತ ಗೊತ್ತಿಲ್ಲ.

ಎಲ್ಲಕ್ಕಿಂತ ತೀವ್ರವಾದ ಸ್ಥಿತಿಗೆ ಒಂದು ಹೆಸರೂ ಇದೆ. ಕೆನಡಾದ ಜುಸೆಪ್ಪೆ ಇಯಾರಿಯಾ ಮತ್ತು ಅವರ ಸಂಗಡಿಗರು 2009ರಲ್ಲಿ ಒಬ್ಬ ಮಹಿಳೆಯ ಬಗ್ಗೆ ಬರೆದ್ರು. ಮೆದುಳಿಗೆ ಪೆಟ್ಟಿಲ್ಲ, ಬುದ್ಧಿ ನೆನಪು ಎಲ್ಲ ಸರಿ, ಆದ್ರೆ ಚಿಕ್ಕಂದಿನಿಂದ ತನಗೆ ಪರಿಚಯ ಇರೋ ಜಾಗದಲ್ಲೇ ಕಳೆದುಹೋಗ್ತಾರೆ. ಇದನ್ನ ಡೆವಲಪ್‌ಮೆಂಟಲ್ ಟೋಪೋಗ್ರಾಫಿಕಲ್ ಡಿಸ್‌ಓರಿಯೆಂಟೇಶನ್ ಅಂತಾರೆ, ಹುಟ್ಟಿನಿಂದ ಬಂದ ದಿಕ್ಕುಗೇಡು ಅಂದ್ಕೊಳ್ಳಿ. ಆಮೇಲೆ ಇಂಥ ಬಹಳ ಜನ ಸಿಕ್ಕಿದ್ದಾರೆ. ಹಾಗಂತ ದಾರಿ ತಪ್ಪೋರೆಲ್ಲ ಈ ಗುಂಪಿಗೆ ಸೇರಲ್ಲ. ಎತ್ತರ ಕುಳ್ಳು ಇದ್ದ ಹಾಗೆ ಇದೂ ಒಂದು ಏಣಿ, ಒಂದು ತುದಿಯಲ್ಲಿ ಒಂದ್ಸಲ ಹೋದ ಊರನ್ನ ಹತ್ತು ವರ್ಷ ಆದ್ಮೇಲೂ ಬಿಡಿಸಿ ಹೇಳೋರು, ಇನ್ನೊಂದು ತುದಿಯಲ್ಲಿ ಈ ಮಹಿಳೆ, ನಡುವೆ ಉಳಿದವರೆಲ್ಲ. ಮೇರಿ ಹೆಗಾರ್ಟಿ ಅವರ ತಂಡ 2002ರಲ್ಲಿ ಇದನ್ನ ಅಳೆಯೋಕೆ 15 ಪ್ರಶ್ನೆಗಳ ಪಟ್ಟಿ ಮಾಡಿದೆ, ಸಂಶೋಧಕರು ಈಗ್ಲೂ ಅದನ್ನೇ ಬಳಸ್ತಾರೆ. ಸಮಾಧಾನದ ವಿಷಯ ಅಂದ್ರೆ ಜನ ತಮ್ಮ ದಿಕ್ಕಿನ ಜ್ಞಾನದ ಬಗ್ಗೆ ಹೇಳ್ಕೊಳ್ಳೋದು ಪರೀಕ್ಷೆ ಮಾಡಿದಾಗ ಸಾಕಷ್ಟು ಸರಿಯಾಗೇ ಇರುತ್ತೆ. ‘ನಂಗೆ ದಾರಿ ಗೊತ್ತಾಗಲ್ಲ’ ಅಂತ ಯಾರಾದ್ರೂ ಹೇಳಿದ್ರೆ ನಂಬಿ.

ಹುಟ್ಟಿನಿಂದ್ಲೇ ಬರುತ್ತಾ, ಬೆಳೆಸಿದ ರೀತಿಯಿಂದ್ಲಾ? ಎರಡೂ ಸೇರುತ್ತೆ, ಬೆಳೆಸಿದ ರೀತಿಯ ಪಾಲು ನಾನು ಅಂದ್ಕೊಂಡಿದ್ದಕ್ಕಿಂತ ದೊಡ್ಡದಿದೆ. 2016ರಲ್ಲಿ ಸೀ ಹೀರೋ ಕ್ವೆಸ್ಟ್ ಅಂತ ಒಂದು ಮೊಬೈಲ್ ಗೇಮ್ ಬಂತು, ಮರೆವಿನ ಕಾಯಿಲೆ ಸಂಶೋಧನೆಗೆ ಅಂತಾನೇ ಮಾಡಿದ್ದು, ನಕ್ಷೆ ನೋಡಿ ದೋಣಿ ನಡೆಸ್ಬೇಕು, ಲಕ್ಷಗಟ್ಟಲೆ ಜನ ಆಡಿದ್ರು. 38 ದೇಶಗಳ ಸುಮಾರು 4 ಲಕ್ಷ ಜನರ ಆಟ ನೋಡಿ 2022ರಲ್ಲಿ ಪ್ರಕಟ ಮಾಡಿದ ಫಲಿತಾಂಶದ ಪ್ರಕಾರ, ಊರಾಚೆ ಹಳ್ಳಿಗಾಡಲ್ಲಿ ಬೆಳೆದವರು ಸಿಟಿಯಲ್ಲಿ ಬೆಳೆದವರಿಗಿಂತ ಮೇಲು, ಅದರಲ್ಲೂ ಚೌಕಾಬಾರ ಮನೆ ಥರ ಗೆರೆ ಹೊಡೆದ ರಸ್ತೆಗಳಿರೋ ಸಿಟಿಯಲ್ಲಿ ಬೆಳೆದವರಿಗೆ ಅಂಕುಡೊಂಕು ದಾರಿ ಕಷ್ಟ. ಇನ್ನೊಂದು ಫಲಿತಾಂಶ 2018ರದ್ದು, ಓದಿ ನಾನು ಬಹಳ ಹೊತ್ತು ಸುಮ್ಮನೆ ಕೂತಿದ್ದೆ: ಗಂಡಸರು ಹೆಂಗಸರ ನಡುವಿನ ವ್ಯತ್ಯಾಸ ಎಲ್ಲಾ ದೇಶದಲ್ಲೂ ಒಂದೇ ಸಮ ಇಲ್ಲ, ಹೆಣ್ಣುಮಕ್ಕಳಿಗೆ ಅವಕಾಶ ಕಮ್ಮಿ ಇರೋ ದೇಶಗಳಲ್ಲಿ ಆ ಅಂತರ ಜಾಸ್ತಿ.

ನಮ್ಮ ಮನೆಯಲ್ಲಿ ಅಣ್ಣನಿಗೆ ಏಳನೇ ಕ್ಲಾಸಿಗೇ ಸೈಕಲ್ ಬಂತು. ಅರಸೀಕೆರೆ ಸುತ್ತಮುತ್ತಲ ಕೆರೆ, ತೋಪು, ರೈಲ್ವೆ ಗೇಟು ಎಲ್ಲ ಅವನ ಕಾಲಿಗೆ ಗೊತ್ತಾಗಿತ್ತು. ನಾನು ಸ್ಕೂಲು, ಮನೆ, ದೇವಸ್ಥಾನ, ಅದೂ ಯಾರದಾದ್ರೂ ಕೈ ಹಿಡ್ಕೊಂಡು. ದಾರಿ ಆರಿಸೋ ಕೆಲಸನೇ ನನಗೆ ಬರ್ಲಿಲ್ಲ, ತಪ್ಪಿ ಆಮೇಲೆ ಸರಿ ಮಾಡ್ಕೊಳ್ಳೋ ಸಂದರ್ಭನೂ ಬರ್ಲಿಲ್ಲ. ಆಮೇಲೆ ‘ಹೆಣ್ಣುಮಕ್ಕಳಿಗೆ ದಾರಿ ಗೊತ್ತಾಗಲ್ಲ’ ಅಂತ ಹೇಳಿದ್ದೂ ಅದೇ ಜನ. ನನ್ನ ತೊಂದರೆ ಪೂರ್ತಿ ಇದರಿಂದ್ಲೇ ಬಂತು ಅನ್ನಲ್ಲ, ನಮ್ಮ ಚಿಕ್ಕಪ್ಪ ಊರೆಲ್ಲ ಅಲೆದವರು, ಅವರಿಗೂ ನನ್ನ ಥರಾನೇ ಇದೆ. ಆದ್ರೆ ನಿಮ್ಮ ಮಗಳಿಗೆ ಹತ್ತು ವರ್ಷ ಆಗಿದ್ರೆ ‘ಇವತ್ತು ಮನೆಗೆ ದಾರಿ ನೀನೇ ತೋರ್ಸು’ ಅಂತ ಅವಳನ್ನ ಮುಂದೆ ಬಿಟ್ಟು ಹಿಂದೆ ನಡೀರಿ, ತಪ್ಪಿದ್ರೆ ತಕ್ಷಣ ತಿದ್ದಬೇಡಿ, ಇದನ್ನ ಕೈ ಮುಗಿದು ಕೇಳ್ಕೊಳ್ತೀನಿ.

ದೊಡ್ಡವರಾದ್ಮೇಲೆ ಕಲಿಯೋಕಾಗಲ್ಲ ಅಂತೇನಿಲ್ಲ. ಲಂಡನ್ ಟ್ಯಾಕ್ಸಿ ಲೈಸೆನ್ಸ್ ಬೇಕು ಅಂದ್ರೆ ಊರ ನಡುವಿನ ಚೇರಿಂಗ್ ಕ್ರಾಸ್‌ನಿಂದ ಸುತ್ತ ಎಲ್ಲಾ ಕಡೆಗೂ ಆರು ಮೈಲಿ ದೂರದೊಳಗಿನ ಸುಮಾರು 25,000 ಬೀದಿ ಬಾಯಿಗೆ ಬರ್ಬೇಕು, ಮೂರು ನಾಲ್ಕು ವರ್ಷ ಹಿಡಿಯುತ್ತೆ. ಮಗ್ವಾಯರ್ ಅವರ ತಂಡ 79 ಜನ ಕಲಿಯೋರನ್ನ ಶುರುವಿನಿಂದ ಹಿಂಬಾಲಿಸ್ತು, 39 ಜನ ಪಾಸಾದ್ರು, ಪಾಸಾದವರ ಹಿಪ್ಪೋಕ್ಯಾಂಪಸ್‌ನ ಹಿಂಭಾಗ ಬೆಳೆದಿತ್ತು, ಉಳಿದವರದ್ದು ಬೆಳೆದಿರ್ಲಿಲ್ಲ. ಈ ಫಲಿತಾಂಶ ಬಂದಿದ್ದು 2011ರಲ್ಲಿ. ನಾವು 25,000 ಬೀದಿ ಕಲೀಬೇಕಿಲ್ಲ, ನಮ್ಮ ಬಡಾವಣೆ ಕಲಿತ್ರೆ ಸಾಕು.

ಹೇಗೆ ಅನ್ನೋದಕ್ಕೆ ನಮ್ಮ ಅಜ್ಜಿ ಮಾತು ನೆನಪಾಗುತ್ತೆ. ಅವರಿಗೆ ಎಡ ಬಲ ಅನ್ನೋ ಅಭ್ಯಾಸನೇ ಇರ್ಲಿಲ್ಲ, ‘ಮೂಡ್ಲ ಬಾಗ್ಲು ಹಾಕು’, ‘ಆ ಕೊಡನ ಬಡಗ್ಲಾಗಿ ಸರಿಸು’, ಅಡುಗೆಮನೆ ಒಳಗೂ ದಿಕ್ಕೇ. ಮೂಡು ಅಂದ್ರೆ ಹುಟ್ಟೋದು, ಸೂರ್ಯ ಮೂಡೋ ಕಡೆ ಮೂಡಲು, ಪಡು ಅಂದ್ರೆ ಬೀಳೋದು, ಬೀಳೋ ಕಡೆ ಪಡುವಲು. ಕರಾವಳಿಯಲ್ಲಿ ಮೂಡುಬಿದಿರೆ, ಪಡುಬಿದ್ರಿ ಅಂತ ಊರ ಹೆಸರಲ್ಲೇ ದಿಕ್ಕಿದೆ, ಯಕ್ಷಗಾನದಲ್ಲಿ ತೆಂಕುತಿಟ್ಟು ಬಡಗುತಿಟ್ಟು. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್‌ನ ಗೂಗು ಯಿಮಿಥಿರ್ ಭಾಷೆಯಲ್ಲೂ ಹೀಗೇ, ಪಕ್ಕದಲ್ಲಿರೋ ವಸ್ತುವನ್ನೂ ದಿಕ್ಕಿನಲ್ಲೇ ಹೇಳ್ತಾರೆ, ಆ ಭಾಷೆ ಆಡೋರು ಎಲ್ಲೇ ನಿಲ್ಲಿಸಿದ್ರೂ ದಿಕ್ಕು ತೋರಿಸೋದ್ರಲ್ಲಿ ಗಟ್ಟಿಗರು ಅಂತ ಭಾಷಾಶಾಸ್ತ್ರಜ್ಞರು ದಾಖಲೆ ಮಾಡಿದ್ದಾರೆ. ದಿನಕ್ಕೆ ನೂರು ಸಲ ದಿಕ್ಕು ಹೇಳ್ಬೇಕು ಅಂದ್ರೆ ತಲೆ ಯಾವಾಗ್ಲೂ ಲೆಕ್ಕ ಇಟ್ಕೊಂಡೇ ಇರ್ಬೇಕಲ್ಲ.

ಸಿಟಿಯಲ್ಲಿ ನಾವು ದಿಕ್ಕು ಪೂರ್ತಿ ಮರೆತಿಲ್ಲ, ಸೈಟ್ ಕೊಳ್ಳುವಾಗ ‘30×40 ಈಸ್ಟ್ ಫೇಸಿಂಗ್’ ಅಂತ ಎಲ್ಲರಿಗೂ ಗೊತ್ತಿರುತ್ತೆ, ಅಡುಗೆಮನೆ ಆಗ್ನೇಯಕ್ಕೆ, ದೇವರಮನೆ ಈಶಾನ್ಯಕ್ಕೆ. ವಾಸ್ತು ನಂಬ್ತೀರೋ ಬಿಡ್ತೀರೋ, ನಿಮ್ಮ ಮನೆ ಒಳಗೆ ಒಂದು ದಿಕ್ಸೂಚಿ ಇದೆ. ನಾನು ಶುರು ಮಾಡಿದ್ದು ಅಲ್ಲಿಂದ್ಲೇ. ಮುಂಬಾಗಿಲು ಪೂರ್ವ, ಆಚೆ ಬಂದು ಬಲಕ್ಕೆ ತಿರುಗಿದ್ರೆ ದಕ್ಷಿಣ, ಹಾಲಿನ ಬೂತ್ ದಕ್ಷಿಣಕ್ಕೆ. ಒಂದು ತಿಂಗಳು ಬರೀ ಇಷ್ಟೇ.

ಆಮೇಲೆ ಊರಲ್ಲಿ ದಿಕ್ಕು ಹೇಳೋ ವಸ್ತು ಹುಡುಕಿದೆ. ನನಗೆ ಇಷ್ಟ ಆಗಿದ್ದು ತಾರಸಿ ಮೇಲಿನ ಡಿಶ್. ಟೀವಿ ಉಪಗ್ರಹಗಳು ಭೂಮಧ್ಯರೇಖೆ ಮೇಲೆ ನಿಂತಿವೆ, ನಮಗೆ ದಕ್ಷಿಣಕ್ಕೆ, ನಮ್ಮಲ್ಲಿ ಬಳಕೆಯಲ್ಲಿರೋ ಡಿಟಿಎಚ್ ಕಂಪನಿಗಳದ್ದು ಬೆಂಗಳೂರಿಗಿಂತ ಪೂರ್ವಕ್ಕೂ ಇವೆ, ಹಾಗಾಗಿ ಡಿಶ್‌ಗಳೆಲ್ಲ ಹೆಚ್ಚುಕಮ್ಮಿ ಆಗ್ನೇಯಕ್ಕೇ ಮುಖ ಮಾಡಿರುತ್ತೆ. ಯಾವ ಬೀದಿಯಲ್ಲಿ ನಿಂತ್ರೂ ತಲೆ ಎತ್ತಿದ್ರೆ ಒಂದು ಸಿಗುತ್ತೆ. ಮಸೀದಿಯಲ್ಲಿ ನಮಾಜಿನ ದಿಕ್ಕು ನಮ್ಮ ದೇಶದಲ್ಲಿ ಪಶ್ಚಿಮ, ಬಹಳಷ್ಟು ದೇವಸ್ಥಾನಗಳ ಬಾಗಿಲು ಪೂರ್ವ. ಸೂರ್ಯನ್ನ ಬೆಳಿಗ್ಗೆ ಸಂಜೆ ನಂಬಬಹುದು, ಮಧ್ಯಾಹ್ನ ಹುಷಾರು, ಬೆಂಗಳೂರಲ್ಲಿ ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೂ ನಡುಹಗಲ ಸೂರ್ಯ ನೆತ್ತಿಗಿಂತ ಸ್ವಲ್ಪ ಉತ್ತರಕ್ಕೇ ಇರ್ತಾನೆ, ಉಳಿದ ತಿಂಗಳು ದಕ್ಷಿಣಕ್ಕೆ. ಮೈಸೂರಿನವರು ಪುಣ್ಯವಂತರು, ಚಾಮುಂಡಿ ಬೆಟ್ಟ ಆಗ್ನೇಯದಲ್ಲಿ ಕೂತು ದಿಕ್ಕು ಹೇಳ್ತಾನೇ ಇರುತ್ತೆ. ಮಲ್ಲೇಶ್ವರದಲ್ಲಿ ಕ್ರಾಸ್ ನಂಬರ್ ಏರ್ತಾ ಹೋದ್ರೆ ಉತ್ತರಕ್ಕೆ ಹೋಗ್ತಿದ್ದೀನಿ ಅಂತ ಗೊತ್ತಾದ ದಿನ, ಎಂಟನೇ ಕ್ರಾಸು ಹದಿನೈದನೇ ಕ್ರಾಸು ಅನ್ನೋ ಬಿಡಿ ಬಿಡಿ ಹೆಸರುಗಳು ಮೊದಲ್ನೇ ಸಲ ಒಂದು ಸಾಲಲ್ಲಿ ನಿಂತ್ವು.

ಉಳಿದಿದ್ದು ಸಣ್ಣಪುಟ್ಟದು, ಆದ್ರೆ ದಿನಾ ಉಪಯೋಗಕ್ಕೆ ಬರುತ್ತೆ. ಪ್ರತಿ ತಿರುವಿನಲ್ಲೂ ಒಂದ್ಸಲ ಹಿಂದೆ ತಿರುಗಿ ನೋಡ್ತೀನಿ, ವಾಪಸ್ ಬರುವಾಗ ಕಾಣೋದು ಅದೇ ನೋಟ. ಗುರುತು ಇಟ್ಕೊಳ್ಳುವಾಗ ‘ಇದು ನಾಳೆನೂ ಇಲ್ಲೇ ಇರುತ್ತಾ’ ಅಂತ ಕೇಳ್ಕೊಳ್ತೀನಿ, ಕಾರು ಬೇಡ, ಅರಳಿಕಟ್ಟೆ ಸರಿ. ಪಾರ್ಕಿಂಗ್ ಕಂಬದ ನಂಬರ್, ಲಿಫ್ಟ್ ಮೇಲಿನ ಬ್ಲಾಕ್ ಹೆಸರು ಫೋಟೋ ಹೊಡೀತೀನಿ. ಹೊಸ ಜಾಗಕ್ಕೆ ಇಪ್ಪತ್ತು ನಿಮಿಷ ಮೊದ್ಲೇ ಹೊರಡ್ತೀನಿ, ಗಾಬರಿ ಆದ್ರೆ ಇರೋ ಬರೋ ದಿಕ್ಕೂ ಹೋಗುತ್ತೆ.

ಫೋನ್ ಮ್ಯಾಪ್ ಬಗ್ಗೆ ಎರಡು ಮಾತು. ಲಂಡನ್ನಿನ ಸೋಹೋ ಬೀದಿಗಳನ್ನ ಇಟ್ಕೊಂಡು 2017ರಲ್ಲಿ ನಡೆಸಿದ ಅಧ್ಯಯನದಲ್ಲಿ, ತಾವೇ ದಾರಿ ಹುಡುಕಿದವರ ಹಿಪ್ಪೋಕ್ಯಾಂಪಸ್ ಹೊಸ ಬೀದಿ ಬಂದಾಗೆಲ್ಲ ಚುರುಕಾಯ್ತು, ಸ್ಯಾಟ್‌ನ್ಯಾವ್, ಅಂದ್ರೆ ದಾರಿ ಹೇಳೋ ಜಿಪಿಎಸ್, ಹೇಳಿದ ಹಾಗೆ ಹೋದವರಲ್ಲಿ ಆ ಚುರುಕು ಕಾಣ್ಲಿಲ್ಲ. 2020ರಲ್ಲಿ ಕೆನಡಾದ ವೆರೋನಿಕ್ ಬೋಬೋ ಅವರ ತಂಡ 50 ಡ್ರೈವರ್‌ಗಳನ್ನ ನೋಡ್ತು, ಜಿಪಿಎಸ್ ಜಾಸ್ತಿ ಬಳಸಿದವರಿಗೆ ಜಾಗದ ನೆನಪು ಕಮ್ಮಿ, ಮೂರು ವರ್ಷ ಆದ್ಮೇಲೆ ಅವರಲ್ಲಿ 13 ಜನರನ್ನ ಮತ್ತೆ ನೋಡಿದಾಗ ಹೆಚ್ಚು ಬಳಸಿದವರದ್ದು ಹೆಚ್ಚು ಇಳಿದಿತ್ತು. 13 ಜನ ಅಂದ್ರೆ ಬಹಳ ಚಿಕ್ಕ ಲೆಕ್ಕ, ಇದನ್ನ ಹಿಡ್ಕೊಂಡು ಫೋನ್ ಬಿಸಾಕಿ ಅನ್ನೋರ ಮಾತು ನಾನು ಕೇಳಲ್ಲ. ರಾತ್ರಿ ಒಬ್ಬಳೇ ಇದ್ದಾಗ ಆ ನೀಲಿ ಚುಕ್ಕಿ ನನಗೆ ಕನ್ನಡಕ ಇದ್ದ ಹಾಗೆ. ಬಳಸೋ ರೀತಿ ಬದಲಾಯಿಸಿದ್ದೀನಿ ಅಷ್ಟೇ: ಹೊರಡೋ ಮುಂಚೆ ಪೂರ್ತಿ ದಾರಿ ಒಂದ್ಸಲ ದೂರದಿಂದ ನೋಡ್ತೀನಿ, ಸೆಟ್ಟಿಂಗ್ಸಲ್ಲಿ ಉತ್ತರ ಯಾವಾಗ್ಲೂ ಮೇಲೆ ಇರೋ ಹಾಗೆ ಇಟ್ಟಿದ್ದೀನಿ, ನಡೆಯೋಕೆ ಶುರು ಮಾಡುವಾಗ ಬಾಣ ನಂಬದೆ ಹತ್ತು ಹೆಜ್ಜೆ ಹಾಕಿ ಚುಕ್ಕಿ ಯಾವ ಕಡೆ ಸರೀತು ಅಂತ ನೋಡ್ತೀನಿ.

ಒಂದು ಎಚ್ಚರಿಕೆ, ದಯವಿಟ್ಟು ಇದನ್ನ ಹಗುರವಾಗಿ ತಗೋಬೇಡಿ. ಮೇಲೆ ಹೇಳಿದ್ದೆಲ್ಲ ಚಿಕ್ಕಂದಿನಿಂದ ಹೀಗೇ ಇರೋರ ಬಗ್ಗೆ. ಜೀವನ ಪೂರ್ತಿ ದಾರಿ ಚೆನ್ನಾಗಿ ಗೊತ್ತಿದ್ದ ಅಪ್ಪನೋ ಅತ್ತೆಯೋ ಈಗ ಈಗ ಗೊತ್ತಿರೋ ಬೀದಿಯಲ್ಲೇ ತಡವರಿಸ್ತಿದ್ರೆ ಅದು ಬೇರೆ. ಅಲ್ಜೈಮರ್ಸ್‌ನಲ್ಲಿ ಮೊದಮೊದಲು ಪೆಟ್ಟು ತಿನ್ನೋ ಜಾಗಗಳಲ್ಲಿ ಆ ರಂಗೋಲಿ ಚುಕ್ಕಿ ಇರೋ ಎಂಟೊರೈನಲ್ ಕಾರ್ಟೆಕ್ಸ್ ಒಂದು, ಹಾಗಾಗಿ ದಾರಿ ತಪ್ಪೋದು ಶುರುವಿನ ಲಕ್ಷಣ ಆಗಿರಬಹುದು. ‘ವಯಸ್ಸಾಯ್ತು’ ಅಂತ ಬಿಡದೆ ನರರೋಗ ತಜ್ಞರಿಗೆ ತೋರಿಸಿ. ತಲೆಗೆ ಪೆಟ್ಟು ಬಿದ್ದ ಮೇಲೆ ಅಥವಾ ಇದ್ದಕ್ಕಿದ್ದ ಹಾಗೆ ಆದ್ರೆ ಅವತ್ತೇ ಹೋಗಿ.

ಇನ್ನು ನಮ್ಮಂಥೋರ ಜೊತೆ ಇರೋರಿಗೆ. ದಾರಿ ತಪ್ಪಿ ಫೋನ್ ಮಾಡಿದಾಗ ‘ಎಲ್ಲಿದ್ದೀಯ’ ಅಂತ ಕೇಳ್ಬೇಡಿ, ಅದು ಗೊತ್ತಿದ್ರೆ ಫೋನ್ ಮಾಡ್ತಿರ್ಲಿಲ್ಲ. ನಮ್ಮನೆಯವ್ರು ಕಲಿತಿದ್ದಾರೆ, ಮೊದ್ಲು ‘ನಿಂತ್ಕೋ, ಪರವಾಗಿಲ್ಲ’ ಅಂತಾರೆ, ಆಮೇಲೆ ‘ಎದುರಿಗೆ ಯಾವ ಬೋರ್ಡ್ ಕಾಣ್ತಿದೆ, ಓದು’ ಅಂತಾರೆ. ನಾನು ಓದ್ತೀನಿ. ಅವರು ಆ ಕಡೆ ಮ್ಯಾಪ್ ತೆಗೆದು ಹುಡುಕೋ ತನಕ ಇಬ್ರೂ ಫೋನ್ ಇಡಲ್ಲ.